ಇಪ್ಪತ್ತೆರಡು ಫೂಟಿನ ಸಂಸಾರ

ಬೈಲಹೊಂಗಲ,
ಶುಕ್ರವಾರ, ೧೪ ನವೆಂಬರ್ ೨೦೨೫

ಐಶ್ವರ್ಯಾನ ಅಪ್ಪಾರಿಗೆ ಶೀತಲ ಮಾಡುವ ಶರಣು.

ಹೆಂಗದೀರಿ? ಕೊಲ್ಲಾಪುರದಾಗ ಥಂಡಿ ಜೋರ ಐತಿ ಅಂತಾರ. ಗ್ಯಾರೇಜಿನ ಫರಸಿ ಮ್ಯಾಲ ಮಲಗಿದ್ರ ನಿಮ್ಮ ನಡಾ ಮತ್ತ ಹಿಡೀತೈತಿ ನೋಡ್ರಿ. ಚೀಲದ ಬಾಜೂಕಿನ ಖಾನೆದಾಗ ತಿಕ್ಕೊಳ್ಳೂ ಎಣ್ಣಿ ಇಟ್ಟೇನಿ, ನೀವು ತಗದು ನೋಡಿರಾಂಗಿಲ್ಲ, ನನಗ ಗೊತ್ತೈತಿ. ಅತ್ತಿಯವರ ತಬ್ಯತ್ತು ಈಗ ಪಾಡ ಐತಿ. ಎರಡೂ ಹೊತ್ತು ಗಂಜಿ ಕುಡೀತಾರ, ನೀರೂ ಕುಡೀತಾರ. ಐಶೂ ನಸಿಕಿನ್ಯಾಗ ಎದ್ದು ಟ್ಯೂಶನ್ನಿಗೆ ಹೋಗತಾಳ, ಸೆಕೆಂಡ್ ಪಿಯು ಪರೀಕ್ಷಾ ಬಂದ ಬಿಡ್ತು. ನಂದೇನ ಕೇಳಬ್ಯಾಡ್ರಿ. ನೀವು ಕೇಳೂದೂ ಇಲ್ಲ ಬಿಡ್ರಿ.

ಫೋನ್ ಇದ್ದೂ ಕಾಗದಾ ಯಾಕ ಬರೀಲಾಕ ಹತ್ಯಾಳ ಇಕಿ ಅಂತೀರಿ. ಫೋನ್ ಮಾಡಿದ್ರ ಆ ಕಡೆ ವೆಲ್ಡಿಂಗಿನ ಸಪ್ಪಳ, ನಿಮ್ಮ ಬಾಯಾಗ ಬರೇ ಹೂಂ. ನಾ ಅರ್ಧಾ ಮಾತಾಡೂದ್ರಾಗ "ಶೀತೂ, ಬಸ್ಸಿನ ಖಿಡಕಿಗೆ ಹಸರು ಪಡದಾ ಹಾಕಸಲ್ಯೋ, ನೀಲಿ ಹಾಕಸಲ್ಯೋ" ಅಂತೀರಿ. ಕಾಗದದಾಗಾದ್ರ ನೀವು ನಡುವ ಬಾಯಿ ಹಾಕಾಕ ಬರೂದಿಲ್ಲ.

ಈ ಹುಚ್ಚು ನಿಮಗ ಹೆಂಗ ಹತ್ತಿತು ಅನ್ನೂದ ನನಗ ಇನ್ನೂ ತಿಳಿವಲ್ದು. ಹದಿನೇಳು ವರ್ಷ ಬ್ಯಾಟರಿ ಅಂಗಡಿ ನಡಸಿದ ಮನಷ್ಯಾ, ಶ್ರಾವಣದಾಗ ಒಂದಿನ ಮೊಬೈಲಿನ್ಯಾಗ ಯಾರೋ ಗಂಡ ಹೆಂಡತಿ ಗಾಡಿಯೊಳಗ ಸಂಸಾರ ಮಾಡೂದು ನೋಡಿದ್ರಿ. ಗಣಪತಿ ಕುಂದ್ರೂದ್ರಾಗ ಅಂಗಡಿ ಮಾರಿ, ಒಂದು ಹಳೇ ಸಾಲಿ ಬಸ್ಸು ತಂದು ಓಣಿ ಬಾಯಾಗ ನಿಲ್ಲಿಸಿದ್ರಿ. ಇನ್ನ ಇದ ನಮ್ಮ ಮನಿ, ದೇಶ ನೋಡೂದು, ವಿಡಿಯೋ ಹಾಕೂದು, ಅದರಾಗ ಹೊಟ್ಟಿ ನಡೀತೈತಿ ಅಂದ್ರಿ. ಐಶೂ ಪರೀಕ್ಷಾ ಎಲ್ಲಿಂದ ಬೇಕಾದ್ರೂ ಬಂದು ಬರದು ಹೋಗಬಹುದಂತ. "ಹಂಗಾರ ಈ ಮನಿ?" ಅಂತ ಅತ್ತಿಯವರು ಕೇಳಿದ್ರು. ಬಾಡಿಗಿ ಕೊಡೂದು ಅಂದ್ರಿ. ಮಗ್ಗಲಮನಿಯವರಿಗೆ ಬಕೀಟು ಕೊಟ್ಟಷ್ಟು ಸಲೀಸ ಅಂದ್ರಿ. ನನ್ನ ರೊಟ್ಟಿ ಕೆಲಸ ಏನ ಮಾಡಲಿ ಅಂತ ನಾ ಕೇಳಿದೆ. ಒಂಬತ್ತು ವರ್ಷ ಆತು, ನಾನು, ರಾಮವ್ವ, ಇನ್ನ ಇಬ್ಬರು ಹಿತ್ತಲದಾಗ ಕುಂತು ದಿನಾ ನಾಕನೂರು ರೊಟ್ಟಿ ಬಡೀತೇವಿ. ಪ್ಯಾಟಿ ಖಾನಾವಳಿಗೆ, ಹಾಸ್ಟೆಲಿಗೆ ನಮ್ಮ ರೊಟ್ಟಿನ ಹೋಗಬೇಕು. "ರೊಟ್ಟಿ ಏನ, ಎಲ್ಲಿ ಬೇಕಾದ್ರೂ ಬಡೀಬಹುದು ಬಿಡು" ಅಂದು ಚಾ ಕುಡದ್ರಿ. ಆ ಚಾ ಸೈತ ನನ್ನ ರೊಟ್ಟಿ ರೊಕ್ಕದ್ದು.

ಆಮ್ಯಾಲ ನನ್ನ ರಂಗೋಲಿ ಡಬ್ಬಿ ತಗೊಂಡು ಪಡಸಾಲ್ಯಾಗ ಗೆರಿ ಹೊಡದ್ರಿ. ಬಸ್ಸಿನ ಅಳತೀಲೆ, ಉದ್ದ ಇಪ್ಪತ್ತೆರಡು ಫೂಟು, ಅಗಲ ಏಳು. ಎಂಟು ದಿನ ಎಲ್ಲಾರೂ ಗೆರಿಯೊಳಗ ಇರಬೇಕು, ರೂಢಿ ಆಗತೈತಿ ಅಂತ ಹುಕುಂ ಮಾಡಿದ್ರಿ. ಐಶೂ ತೊಡಿ ಮ್ಯಾಲ ಪುಸ್ತಕ ಇಟ್ಟಕೊಂಡು ಓದಿದ್ಲು. ನಾ ಒಲಿ ಕಡೆ ದಾಟಬೇಕಂದ್ರ ಅತ್ತಿಯವರು ಕಾಲ ಮಡಚಬೇಕು, ಮಡಚಿದ ಕಾಲ ಮತ್ತ ಬಿಡಸಾಕ ಅವರಿಗೆ ನನ್ನ ಕೈ ಬೇಕು. ಓಣಿ ಮಂದಿ ಬಾಗಲದಾಗ ನಿಂತು ಕಿಸಕ್ಕಂತ ನಕ್ರು. ನೀವೊಬ್ಬರ ಗೆರಿ ಹೊರಗ ಕುರ್ಚಿ ಹಾಕ್ಕೊಂಡು ಕುಂತಿದ್ರಿ, ವಿಡಿಯೋ ಮಾಡಾಕ.

ಅದೂ ಆತು. ಮುಂದ ಮೂರು ದಿನದ ಟ್ರಯಲ್ ಅಂತ ಬಸ್ಸಿನ್ಯಾಗ ಹೇರಿಕೊಂಡು ಹೊಂಟ್ರಿ. ಕಿತ್ತೂರಾಗ ಕ್ವಾಟಿ ಮುಂದ ನಿಲ್ಲಿಸಿ, ರೊಟ್ಟಿ ಬಡಿ, ಮಂದಿ ನೋಡಲಿ ಅಂದ್ರಿ. ಜ್ವಾಳದ ರೊಟ್ಟಿ ಬಡಿಯೂದಂದ್ರ ನೆಲಾ ಗಟ್ಟಿ ಬೇಕು ಅನ್ನೂದು ಬೈಲಹೊಂಗಲದಾಗ ಹುಟ್ಟಿದ ಗಂಡಸಿಗೆ ನಾ ಹೇಳಿಕೊಡಬೇಕೇನ್ರಿ? ಸ್ಪ್ರಿಂಗಿನ ಮ್ಯಾಲ ನಿಂತ ಗಾಡಿ, ನಾ ಬಡದಂಗ ಬಡದಂಗ ಅಲಗ್ಯಾಡತಿತ್ತು. ಹಂಚು ಜಾರಿ ಐಶೂನ ಮುಂಗೈಗೆ ಬಡೀತು. ಹುಡುಗಿ ಚಿಟ್ಟನ ಚೀರಿದ್ಲು. "ಇನ್ನೊಂದ ರೊಟ್ಟಿ ಬಡಿ ಶೀತೂ, ಬೆಳಕ ಚಲೋ ಬಿದ್ದೈತಿ" ಅಂದ್ರಿ. ಆ ಮಾತು ನಾ ಸಾಯೂತನಕ ಮರಿಯೂದಿಲ್ಲ, ಬರದ ಇಟ್ಟಕೋರಿ.

ಇನ್ನ ದೇವರ ಜಗಲಿ. ಪ್ಲೈವುಡ್ಡಿನ ಈ ಕಡೆ ಜಗಲಿ, ಆ ಕಡೆ ಪಾಯಖಾನಿ! ಪ್ಲಸ್ ಮೈನಸ್ ಒಮ್ಮೆಯೂ ಅದಲಬದಲ ಮಾಡದ ಕೈಲೆ ಇದನ್ನ ಹೆಂಗ ಮಾಡಿದ್ರಿ? ಕೇಳಿದ್ರ ಪೈಪು ಅಲ್ಲೇ ಬರತೈತಿ ಅಂದ್ರಿ. ಅತ್ತಿಯವರು ಜಳಕಾ ಮಾಡಿ, ವಿಭೂತಿ ಹಚ್ಚಿಕೊಂಡು, ಮುಂದ ಹೋಗಿ ಡ್ರೈವರ್ ಸೀಟಿನ್ಯಾಗ ಕುಂತ್ರು. ಎದಿ ಮುಂದ ಸ್ಟೇರಿಂಗು, ಎಡಗೈಯಾಗ ಲಿಂಗ, ಕಣ್ಣು ಮುಚ್ಚಿ ಪೂಜಿ ಮಾಡಿದ್ರು. ಎಪ್ಪತ್ತೊಂದು ವರ್ಷದ ಹೆಣ್ಣಮಗಳು. ನನಗ ಅಳು ತಡಿಯಲಿಲ್ಲ, ನೀವು ಕೆಳಗ ಟೈರು ನೋಡಲಾಕ ಹತ್ತಿದ್ರಿ.

ಸವದತ್ತಿ ದಾಟಿ ರಾಮದುರ್ಗಕ್ಕ ನನ್ನ ತವರಿಗೆ ಹ್ವಾದ್ವಿ. ಬಸ್ಸಿನಿಂದ ಇಳಿಯೂ ನಮ್ಮನ್ನ ನೋಡಿ ನಮ್ಮ ಅಣ್ಣ ಮಹಾದೇವ "ಯಾಕವ್ವಾ, ಮನಿ ಹೋತೇನು?" ಅಂತ ಕೇಳಿದ. ಅಂವಾ ಚಾಷ್ಟಿ ಮಾಡಲಿಲ್ಲ, ಖರೇನ ಗಾಬರಿ ಆಗಿದ್ದ. ಹೊಳ್ಳಿ ಬರೂವಾಗ ಯರಗಟ್ಟಿ ಬಸ್‌ಸ್ಟ್ಯಾಂಡಿನ್ಯಾಗ ಅತ್ತಿಯವರು ಧೊಪ್ಪಂತ ಬಿದ್ರು. ಸಲಾಯಿನ್ ಹಚ್ಚಿದ ಡಾಕ್ಟರು, ಅಜ್ಜಿ ಎಷ್ಟು ದಿನಾ ಆತು ನೀರು ಕುಡದು ಅಂತ ಕೇಳಿದ್ರು. ನೀವು ಪ್ರಯಾಣದ ದಣಿವ್ರೀ ಸರ್ ಅಂದ್ರಿ. ಮೂರು ದಿನ ಆಗಿತ್ತು, ಅವರು ಗುಟುಕು ಗುಟುಕು ಬಾಯಿ ತೋಯಿಸಿಕೊಂಡು ತಡದಿದ್ರು. ನೀವು ಔಷಧಿ ತರಾಕ ಹ್ವಾದಾಗ ನನ್ನ ಕೈ ಹಿಡಕೊಂಡು, "ಮಗನ ತಲಿದಿಂಬಿನ ಕಡೆ ಪಾಯಖಾನಿಗೆ ಬರೇ ಒಂದು ಪಡದಾ ಐತೆವ್ವಾ, ಅಲ್ಲಿ ಹೆಂಗ ಕುಂದ್ರಲಿ" ಅಂದ್ರು. ನಾ ಇದನ್ನ ನಿಮಗ ಎರಡು ಸರ್ತಿ ಹೇಳಿದೆ. ಹಂಗಾರ ಪಡದಾ ತಗದು ಬಾಗಲಾ ಹಚ್ಚಸೂಣು ಅಂತ ಬಸ್ಸು ತಗೊಂಡು ಕೊಲ್ಲಾಪುರಕ್ಕ ಹ್ವಾದ್ರಿ.

ನಿಮಗ ದೇಶ ನೋಡೂ ಆಸೆ ಇರಬಾರದು ಅಂತ ನಾ ಅನ್ನೂದಿಲ್ಲ. ಮದಿವಿ ಆದ ಹೊಸದಾಗ ನನ್ನನ್ನ ಸ್ಕೂಟರ್ ಮ್ಯಾಲ ನವಿಲುತೀರ್ಥಕ್ಕ ಕರಕೊಂಡು ಹೋಗಿದ್ರಿ. ನೀರಿನ ದಂಡಿಗೆ ಕುಂತು ಮಿರ್ಚಿ ತಿಂದ್ವಿ. ಅವತ್ತು ನೀವು ಮನಿಗೆ ಹೊಳ್ಳಿ ಹೋಗೂದು ಬ್ಯಾಡ ಅಂದಿದ್ರ ನಾ ಹೂಂ ಅಂತಿದ್ದೆ, ಬಸವಣ್ಣನ ಆಣಿ. ಆದ್ರ ಅವತ್ತ ನೀವು ಎಲ್ಲಿಗೆ ಹೋಗೂಣು ಅಂತ ಕೇಳಿದ್ರಿ. ಈಗ ನನ್ನ ಬೀರೋ, ಗ್ಯಾಸು, ಅತ್ತಿ, ಮಗಳು ಎಲ್ಲಾ ಅಳತಿ ತಗೊಂಡ್ರಿ, ನನ್ನ ಒಂದು ಮಾತು ಕೇಳಲಿಲ್ಲ. ನನಗ ಅದ ಸಿಟ್ಟು.

ಸೋಮವಾರ ಫೋನಿನ್ಯಾಗ, ಡಿಸೆಂಬರ್ ಒಂದಕ್ಕ ಬಾಡಿಗಿಯವರು ಬರತಾರ, ತಲಿಗೊಂದು ಪೆಟಗಿ ಕಟ್ಟಿಡು ಅಂದ್ರಿ. ಎದರಮನಿ ದುಂಡಪ್ಪ ಕಾಕಾರು ಗಿರಾಕಿ ಹುಡುಕಿಕೊಟ್ರಂತ ಖುಷಿಯಾಗಿದ್ರಿ. ಅದನ್ನ ಕೇಳಿ ರಾಮವ್ವ, "ಅಕ್ಕಾ, ಒಂದರಿಂದ ನಾವು ಎಲ್ಲಿ ಬರೂಣು?" ಅಂದ್ಲು. ಅಕಿ ಮನಿ ಒಲಿ ಉರಿಯೂದೂ ಈ ಹಿತ್ತಲದ ಮ್ಯಾಲ.

ವ್ಯಾಳ್ಯಾಕ್ಕ ಊಟಾ ಮಾಡ್ರಿ, ಖಾರಾ ಕಡಿಮಿ ತಿನ್ರಿ. ಅತ್ತಿಯವರು ನಿಮಗ ಚಲೋ ಆಗಲಿ ಅಂತ ಹರಸ್ಯಾರ, ಅವರು ಹಂಗ ಅಂತಾರ. ಐಶೂ ಏನೂ ಹೇಳಲಿಲ್ಲ, ಕೈ ವಾಸಿ ಆಗೈತಿ ಅಂತ ನಾನ ಬರೀತೇನಿ. ಗ್ಯಾರೇಜಿನ ಮಿಸ್ತ್ರಿಗೂ ಶರಣು ಹೇಳ್ರಿ.

ಇಂತಿ,
ಶೀತಲ

ಮರತಿದ್ದೆ: ನೀವು ಹೋಗೂ ಮುಂದ ಅವಸರದಾಗ ಸಹಿ ಹಾಕಿ ಕಾಕಾರ ಕೈಯಾಗ ಮನಿ ಬಾಡಿಗಿಯ ಖಾಲಿ ಬಾಂಡ್ ಪೇಪರ್ ಕೊಟ್ಟಿದ್ರೆಲ್ಲಾ, ಯಾರಾದ್ರೂ ಇರಲಿ, ಹೆಸರು ತುಂಬಿಕೋರಿ ಅಂತ. ಆ ಗಿರಾಕಿಗೆ ಕಾಕಾರು ಬ್ಯಾರೆ ಮನಿ ತೋರಿಸ್ಯಾರ, ನಮ್ಮ ಪೇಪರ್ ನಿನ್ನೆ ತುಂಬಿದ್ವಿ. ಬಾಡಿಗಿಯಾಕಿ ನಾನ. ಹನ್ನೊಂದು ತಿಂಗಳದ ಕರಾರು, ಸಾಕ್ಷಿಗೆ ಅತ್ತಿಯವರು ಸಾವಿತ್ರೆವ್ವ ಅಂತ ಸಹಿ ಮಾಡ್ಯಾರ. ಅವರು, ಐಶೂ ನನ್ನ ಕೂಡ ಇರತಾರ. ನಿಮ್ಮ ಡೀಸಲ್ಲಿಗೆ ತಿಂಗಳಾ ಬಾಡಿಗಿ ಬರತೈತಿ, ತಪ್ಪೂದಿಲ್ಲ. ಮಾಲಕರು ಮನಿಗೆ ಬರೂದಿದ್ರ ಒಂದು ದಿನಾ ಮೊದಲ ತಿಳಿಸಿ ಬರಬೇಕು ಅಂತ ಕಾಕಾರು ಎಲ್ಲಾ ಕರಾರಿನ್ಯಾಗೂ ಬರಸ್ತಾರ, ಇದರಾಗೂ ಬರಸ್ಯಾರ. ತಿಳಿಸಿ ಬರ್ರಿ.