ಮಗ್ಗದ ಎಣ್ಣೆ

ಬನಹಟ್ಟಿ
೧೮-೧೧-೧೯೯೯

ಚಿ. ಸೌ. ಮಹಾನಂದಾಳಿಗೆ, ಅಂದರೆ ನನ್ನ ನಂದವ್ವನಿಗೆ, ನಿನ್ನ ಅಪ್ಪನ ಆಶೀರ್ವಾದಗಳು.

ಹೇಗಿದ್ದೀಯವ್ವಾ? ಹೊಟ್ಟೆಯಲ್ಲಿನ ಕೂಸು ಚೆನ್ನಾಗಿ ಆಡುತ್ತಿದೆಯೆ? ಕಾಲಿನ ಬಾವು ಇಳಿಯಿತೆ? ಉಪ್ಪು ಕಡಿಮೆ ಮಾಡು ಎಂದು ಡಾಕ್ಟರರು ಹೇಳಿದ್ದಾರೆ, ನೀನು ಮಾತ್ರ ಉಪ್ಪಿನಕಾಯಿ ಭರಣಿಯ ಕಡೆಗೇ ನೋಡುತ್ತ ಕೂತಿರುತ್ತೀ ಎಂಬುದು ನನಗೆ ಗೊತ್ತು. ನಾವಿಲ್ಲಿ ಆರಾಮ. ನಿನ್ನ ಅವ್ವ ಸತ್ಯವ್ವ ಕೂಸಿಗೆ ಕೌದಿ ಹೊಲಿದು ಹೊಲಿದು ಮನೆಯಲ್ಲಿದ್ದ ಹಳೆಯ ಮೆತ್ತನೆಯ ಸೀರೆಗಳನ್ನೆಲ್ಲ ಮುಗಿಸಿದ್ದಾಳೆ. ಅವಳಿ ಹುಟ್ಟಿದರೂ ಹಾಸಿ ಹೊದ್ದು ಉಳಿಯುತ್ತವೆ. ಇದನ್ನೆಲ್ಲ ಫೋನಿನಲ್ಲೇ ಹೇಳಬಹುದಿತ್ತು, ಆದರೆ ಬೂತಿನಲ್ಲಿ ಹಿಂದೆ ನಿಂತ ಮಂದಿ ಕೆಮ್ಮತೊಡಗಿದರೆ ನನಗೆ ಸಿಟ್ಟು ನೆತ್ತಿಗೇರಿ ಹೇಳಬೇಕಾದದ್ದೇ ಮರೆತುಹೋಗುತ್ತದೆ. ಅದಕ್ಕೇ ಈ ಪತ್ರ.

ಮೊದಲು ಕಾರಿನ ಸುದ್ದಿ. ಮಿರಜದ ಡಾಕ್ಟರರಿಂದ ಕೊಂಡು ತಂದ ಆ ಬಿಳಿ ಕಾರು ದೀಪಾವಳಿಯ ತನಕ ಸುರಳೀತ ಓಡಿತು. ಹಬ್ಬ ಮುಗಿದದ್ದೇ ತಡ, ಸ್ಟೇರಿಂಗಿನ ಮುಂದೆ ಎಂಜಿನ್ನಿನ ಚಿತ್ರವಿರುವ ಹಳದಿ ದೀಪ ಹೊತ್ತಿತು. ಹೊತ್ತಿದ್ದು ಆರಲೇ ಇಲ್ಲ. ಎಕ್ಸಲೇಟರ್ ತುಳಿದರೆ ಕಾರು ಉಸಿರುಗಟ್ಟಿದಂತೆ ಮಾಡಿ ಆಮೇಲೆ ಒಮ್ಮೆಲೇ ಜಿಗಿಯುತ್ತಿತ್ತು, ನಿಲ್ಲಿಸಿದರೆ ಗುರುಗುಟ್ಟಿ ಬಂದಾಗುತ್ತಿತ್ತು. ನನ್ನ ಜೀವ ಬಾಯಿಗೆ ಬಂತು. ಈ ಕಾರು ನಾನು ಬಿಂಕಕ್ಕೆ ಕೊಂಡದ್ದಲ್ಲ. ಹೋದ ವರ್ಷ ಸೀಮಂತದ ಕುಬಸ ಮುಗಿಸಿ ನಿನ್ನನ್ನು ಬೀಳಗಿಯ ಅತ್ತೆಯ ಮನೆಯಿಂದ ಬಸ್ಸಿನಲ್ಲಿ ಕರೆತಂದೆವು. ಮರುವಾರ ಕೂಸು ಹೋಯಿತು. ಬಸ್ಸಿನ ಕುಲುಕಾಟದಿಂದ ಆದದ್ದಲ್ಲ ಎಂದು ಡಾಕ್ಟರರು ಎಷ್ಟು ತಿಳಿಸಿ ಹೇಳಿದರೂ ನನ್ನ ಮನಸ್ಸು ಒಪ್ಪಲಿಲ್ಲ. ಇನ್ನು ನನ್ನ ಮಗಳು ಬಸುರಿಯಾಗಿ ಬಸ್ಸು ಹತ್ತುವುದಿಲ್ಲ ಎಂದು ಅಂದೇ ಗಂಟು ಹಾಕಿಕೊಂಡಿದ್ದೆ.

ಮೊನ್ನೆ ಫೋನಿನಲ್ಲಿ ನೀನು, "ಅಪ್ಪಾ, ಆ ದಾರಿ ನೆನಸಿದ್ರ ಎದಿ ಡವಡವ ಅಂತೈತಿ" ಎಂದೆ. ಗಾಡಿ ಒಂದು ನೆಟ್ಟಗಾಗಲಿ, ಹೂವಿನ ಹಾಗೆ ಕರೆತರುತ್ತೇನೆ ಎಂದು ನಾನು ಹೇಳಿದೆ. ಆಗ ನಿನ್ನ ಅತ್ತೆ ರತ್ನಾಬಾಯಿಯವರು ಫೋನು ತೆಗೆದುಕೊಂಡು, ಸತ್ಯವ್ವನವರನ್ನು ಇಲ್ಲಿಗೇ ಕಳಿಸಿ, ಇಬ್ಬರೂ ಕೂಡಿ ಬಾಣಂತನ ಮಾಡುತ್ತೇವೆ ಎಂದರು. ದೊಡ್ಡ ಮನಸ್ಸಿನವರು, ಇಲ್ಲವೆನ್ನುವುದಿಲ್ಲ. ಆದರೆ ಮಗಳು ಹಡೆಯುವ ತನಕ ಹೆತ್ತವರು ಅವಳ ಅತ್ತೆಯ ಮನೆಯಲ್ಲಿ ರಾತ್ರಿ ಉಳಿಯಬಾರದು ಎಂಬುದು ನಮ್ಮ ಮನೆತನದ ರೂಢಿ. ನನ್ನ ಅವ್ವ ಅದನ್ನು ಸಾಯುವ ತನಕ ನಡೆಸಿದಳು. ಹೆರಿಗೆ ತವರಿನಲ್ಲೇ ಆಗಬೇಕು ಎಂದು ಬೀಗತಿಗೆ ಖಡಾಖಂಡಿತ ಹೇಳಿ ಫೋನಿಟ್ಟೆ.

ಹೇಳಿದ ಮೇಲೆ ನಡೆಸಬೇಕಲ್ಲ. ನಿನ್ನೆ ಜಮಖಂಡಿಗೆ ಹೋಗಿ ಅಮಸಿದ್ದಪ್ಪನ ಗ್ಯಾರೇಜಿನಲ್ಲಿ ಕಾರು ನಿಲ್ಲಿಸಿದೆ. ಅವನು ಸಾಂಗಲಿಯಲ್ಲಿ ಇಂಥ ಕಾರುಗಳ ಕೆಲಸ ಕಲಿತು ಬಂದವನು. ಎಂಜಿನ್ನಿನ ಕಾವು ಇಳಿಯುವ ತನಕ ನನಗೆ ಚಹಾ ಕುಡಿಸಿದ. ಆಮೇಲೆ ಬ್ಯಾಟರಿಯ ವಾಯರು ಬಿಚ್ಚಿ, ಗಾಳಿ ಸೋಸುವ ಫಿಲ್ಟರಿನ ಡಬ್ಬಿ ತೆಗೆದು, ಒಳಗೆ ಬೆರಳಾಡಿಸಿ ಮೂಸಿ ನೋಡಿದ. ಬೆರಳು ನೋಡಿದ, ನನ್ನ ಮುಖ ನೋಡಿದ. "ಕಾಕಾ, ಇದಕ್ಕ ಎಣ್ಣಿ ಯಾರ ಕುಡಿಸ್ಯಾರ್ರಿ?" ಎಂದ.

ಇನ್ನಾರು ಕುಡಿಸುತ್ತಾರೆ, ನಾನೇ. ಹಬ್ಬದ ಮುಂದೆ ಮಗ್ಗಗಳಿಗೆಲ್ಲ ಎಣ್ಣೆ ಬಿಡುವಾಗ, ಪಾಪ, ಇದೂ ಯಂತ್ರವೇ ಅಲ್ಲವೆ ಎಂದು ಆ ಕಾಗದದ ಫಿಲ್ಟರಿಗೂ ಕೈತುಂಬ ಸವರಿದ್ದೆ. ಸಾಲದ್ದಕ್ಕೆ ಬಿಸಿಲು ತಾಗದಿರಲಿ ಎಂದು ಕಾರನ್ನು ಮಗ್ಗದ ಶೆಡ್ಡಿನಲ್ಲೇ ನಿಲ್ಲಿಸುತ್ತಿದ್ದೆ. ಅಲ್ಲಿ ಹಾರಾಡುವ ಹತ್ತಿಯ ಪುಡಿಯೆಲ್ಲ ಆ ಎಣ್ಣೆಗೆ ಬಂದು ಮೆತ್ತಿತ್ತು. ಫಿಲ್ಟರಿನ ಆಚೆಗೆ ಒಂದು ಸಣ್ಣ ಸೆನ್ಸರು ಇರುತ್ತದಂತೆ. ಎಂಜಿನ್ನು ಎಷ್ಟು ಗಾಳಿ ಎಳೆದುಕೊಂಡಿತು ಎಂದು ಅದು ಅಳೆದು ಹೇಳಬೇಕು, ಆ ಲೆಕ್ಕದ ಮೇಲೆ ಪೆಟ್ರೋಲು. ಅದರೊಳಗಿನ ತಂತಿ, ನಂದವ್ವಾ, ನಾನು ಈ ಜನ್ಮದಲ್ಲಿ ನೇಯ್ದ ಯಾವ ನೂಲಿಗಿಂತಲೂ ಸಣ್ಣದು. ನನ್ನ ಎಣ್ಣೆ ಅದಕ್ಕೂ ಅಂಟಿ ಲೆಕ್ಕ ತಪ್ಪಿಸಿತ್ತು. ಧೋತರದ ಚುಂಗಿನಿಂದ ಒರೆಸಲು ಹೋದೆ, ಅಮಸಿದ್ದಪ್ಪ ಗಪ್ಪನೆ ಕೈ ಹಿಡಿದ. ಮುಟ್ಟಿದರೆ ಹರಿಯುತ್ತದಂತೆ. ಟೀವಿ ರಿಪೇರಿಯವರು ಬಳಸುವ, ತಟ್ಟನೆ ಆರಿಹೋಗುವ ಸ್ಪ್ರೇಯನ್ನು ದೂರದಿಂದಲೇ ಹೊಡೆದ. ಕಂದು ನೀರು ಇಳಿಯಿತು. ಪೂರ್ತಿ ಒಣಗುವ ತನಕ ನನಗೆ ಬಾಯಿಂದ ಊದಲೂ ಬಿಡಲಿಲ್ಲ. ಹೊಸ ಫಿಲ್ಟರು ಕೂಡಿಸಿ, ಬ್ಯಾಟರಿ ಜೋಡಿಸಿ, ಕಾರು ಚಾಲೂ ಮಾಡಿದ. ಹಳದಿ ದೀಪ ಒಂದು ಗಳಿಗೆ ಹೊತ್ತಿ ಆರಿತು. ಎಲ್ಲರೂ ನೋಡುತ್ತಿದ್ದರೂ ನಾಚದೆ ನಾನು ಅಲ್ಲೇ ಕೈಮುಗಿದೆ. ನಿನ್ನ ಅವ್ವನಂತೂ ಈ ಎಣ್ಣೆಯ ಕಥೆಯನ್ನು ಓಣಿಗೆಲ್ಲ ಹಂಚಿ ಬಂದಿದ್ದಾಳೆ.

ಇನ್ನೇನು ಚಿಂತೆಯಿಲ್ಲ. ಸೋಮವಾರ ಬೆಳಗ್ಗೆ ನಿನ್ನನ್ನು ಕರೆಯಲು ಬರುತ್ತೇನೆ. ಹಿಂದಿನ ಸೀಟಿಗೆ ಅವ್ವನ ಕೌದಿಗಳನ್ನೇ ಹಾಸುತ್ತೇನೆ, ಎತ್ತಿನ ಗಾಡಿಗಿಂತ ಮೆಲ್ಲಗೆ ಓಡಿಸುತ್ತೇನೆ. ರತ್ನಾಬಾಯಿಯವರಿಗೆ ನಮಸ್ಕಾರ, ಅಳಿಯಂದಿರಿಗೆ ಆಶೀರ್ವಾದ ತಿಳಿಸು. ಹೊಟ್ಟೆಯೊಳಗಿನ ಯಜಮಾನರಿಗೆ ಅಜ್ಜನ ಒಂದು ಮುದ್ದು.

ನಿನ್ನ ಹಾದಿ ನೋಡುತ್ತಿರುವ ಅಪ್ಪ,
ಚನಮಲ್ಲಪ್ಪ

ತಾ.ಕ.: ಲಕೋಟೆಗೆ ಹಾಕುವ ಮುಂದೆ ನಿನ್ನ ಅವ್ವನಿಗೆ ಪತ್ರ ಓದಿ ಹೇಳಿದೆ. ನಗುತ್ತ ಕೇಳುತ್ತಿದ್ದವಳು ಕೊನೆಗೆ ಬಂದಾಗ ಸೂಜಿ ಕೆಳಗಿಟ್ಟಳು. "ಗಾಡಿ ಛಲೋ ಆತು, ಖರೆ. ರಸ್ತಾ ಛಲೋ ಆತೇನ್ರಿ?" ಎಂದಳು. ಕಬ್ಬಿನ ಟ್ರ್ಯಾಕ್ಟರುಗಳು ಕಿತ್ತು ಹಾಕಿದ ಆ ರಸ್ತೆ ಕಣ್ಮುಂದೆ ಬಂತು. ಎದೆ ಡವಡವ ಎನ್ನುತ್ತದೆ ಎಂದು ನೀನು ಹೇಳಿದ್ದು ಕಾರಿನ ಮಾತಲ್ಲ, ಅಲ್ಲವೇನವ್ವಾ? ನಾನು ಕಾರಿನ ದೀಪ ನೋಡುತ್ತ ಕೂತೆ, ನಿನ್ನ ಅಂಜಿಕೆ ನನಗೆ ಕಾಣಲಿಲ್ಲ. ಸೋಮವಾರ ನೀನು ಗಂಟು ಕಟ್ಟಬೇಡ, ಹೊಸ್ತಿಲು ದಾಟಬೇಡ. ಕೌದಿಯ ಮೇಲೆ ನಿನ್ನ ಅವ್ವ ಕೂತು ಬರುತ್ತಾಳೆ, ನೀನು ಹಡೆದು ಎದ್ದು ಓಡಾಡುವ ತನಕ ಅಲ್ಲೇ ಇರುತ್ತಾಳೆ. ರೂಢಿ ಯಾಕೆ ಮುರಿದೆ ಎಂದು ಮೇಲೆ ಹೋದಾಗ ನಮ್ಮವ್ವ ಕೇಳಿದರೆ ನಾನು ಉತ್ತರ ಕೊಟ್ಟುಕೊಳ್ಳುತ್ತೇನೆ. ರತ್ನಾಬಾಯಿಯವರಿಗೆ ಹೇಳು, ಪಡಸಾಲೆಯಲ್ಲಿ ನನಗೂ ಒಂದು ಹಾಸಿಗೆ ಬೇಕು.