ಹನ್ನೊಂದನೆಯ ಚಿತ್ರ

ಪರೇಲ್, ಮುಂಬಯಿ
೧೨ ಆಗಸ್ಟ್ ೧೯೫೪

ಧಾರವಾಡದ ಪ್ರಕಾಶಕರಾದ ಶ್ರೀ ಗುರುಬಸಪ್ಪನವರಿಗೆ ಮುರಿಗೆಪ್ಪನ ಶರಣು.

ನನ್ನ ಸಚಿತ್ರ ಕಾದಂಬರಿಯನ್ನು ಅಚ್ಚು ಹಾಕಿಸಲು ತಾವು ಒಪ್ಪಿದ್ದಕ್ಕೆ ಋಣಿ. ಕಥೆ ಜಾಳಾಗಿದೆ ಎಂದು ಬರೆದಿದ್ದೀರಿ, ನಿಜ. ರವಿವಾರ ಚಾಳಿನ ಗೆಳೆಯರಿಗೆ ಓದಿ ಹೇಳಿದಾಗ ಅವರೂ ಅದನ್ನೇ ಅಂದರು. ಮೂವತ್ತು ಪುಟ ಕತ್ತರಿಸಿದ್ದೇನೆ. ತಾವು ಇನ್ನೂ ಕತ್ತರಿಸಿದರೂ ಬೇಸರವಿಲ್ಲ.

ಆದರೆ ಅರ್ಧಕ್ಕೆ ನಿಂತ ಕೊನೆಯ ಚಿತ್ರವನ್ನು ತಮ್ಮ ಕಲಾವಿದರಿಂದ ಪೂರ್ತಿ ಮಾಡಿಸುವುದು ಬೇಡ. ಚಿತ್ರಗಳನ್ನೆಲ್ಲ ಬರೆದವಳು ನನ್ನ ಹೆಂಡತಿ ಕಾಶವ್ವ. ಅವಳಿಗೆ ಬರುತ್ತಿದ್ದದ್ದು ಕಸೂತಿಯೊಂದೇ. ಕಸೂತಿಯಲ್ಲಿ ಗಂಟು ಹಾಕುವಂತಿಲ್ಲ, ಹೊರಟ ದಾರ ಹೊರಟಲ್ಲಿಗೇ ಮರಳಬೇಕು. ಪೆನ್ಸಿಲನ್ನೂ ಅವಳು ಹಾಗೆಯೇ, ಕಾಗದದಿಂದ ಎತ್ತದೆ ಓಡಿಸುತ್ತಿದ್ದಳು. ಗಿರಣಿಯ ಗೇಟಿನಲ್ಲಿ ಗಂಡನಿಗಾಗಿ ಕಾದು ನಿಂತವಳ ಈ ಹನ್ನೊಂದನೆಯ ಚಿತ್ರವನ್ನು ಆಸ್ಪತ್ರೆಯ ಮಂಚದ ಮೇಲೆ ಶುರು ಮಾಡಿದ್ದಳು.

ಅವಳು ತೀರಿಕೊಂಡ ಮೇಲೆ, ಅಂಗಡಿಗಳಿಗೆ ಬೋರ್ಡು ಬರೆಯುವ ನಮ್ಮ ಶಂಕ್ರೆಪ್ಪ, “ಬೆರಳಷ್ಟ ಗೆರಿ ಉಳದೈತಿ, ನಾ ಕೂಡಸ್ತೀನಿ ತಗೋ” ಅಂದ. ಪೆನ್ಸಿಲು ಹಿಡಿದು ಬಹಳ ಹೊತ್ತು ಕೂತ. ಆಮೇಲೆ, “ಬ್ಯಾಡೋ ಮುರಿಗ್ಯಾ, ನಾ ಮುಟ್ಟಿದರ ಗಂಟು ಬೀಳತೈತಿ” ಎಂದು ಎದ್ದು ಹೋದ. ಕಾದಂಬರಿಗೆ ಸಿಕ್ಕ ಖರೇ ವಿಮರ್ಶೆ ಅದೊಂದೇ.

ಚಿತ್ರ ಇದ್ದ ಹಾಗೆಯೇ ಅಚ್ಚಾಗಲಿ. ಮೊದಲ ಪುಟದಲ್ಲಿ ಅವಳ ಹೆಸರು ನನ್ನ ಹೆಸರಿನಷ್ಟೇ ದಪ್ಪಕ್ಷರದಲ್ಲಿರಲಿ. ಅದರ ಮುಂಚೆ ‘ಲಿಂಗೈಕ್ಯ’ ಎಂದು ಮಾತ್ರ ಹಾಕಿಸಬೇಡಿ. ಅವಳ ಗೆರೆ ಇನ್ನೂ ಹೊರಟಲ್ಲಿಗೆ ಮರಳಿಲ್ಲ.

ತಮ್ಮ ವಿಶ್ವಾಸದ
ಮುರಿಗೆಪ್ಪ