ಕೈಯಲ್ಲಿ ಬೀಸಬಾರದ ಬಾವುಟ

ಧಾರವಾಡ
ಫೆಬ್ರವರಿ ೩೪, ೨೨೧೯

ಸನ್ಮಾನ್ಯ ಮುತ್ತಜ್ಜಂದಿರಿಗೂ ಮುತ್ತಜ್ಜಿಯರಿಗೂ,

ತಾರೀಖು ತಪ್ಪಿಲ್ಲ. ಕನ್ನಡಕ ಒರೆಸಿಕೊಂಡು ಇನ್ನೊಮ್ಮೆ ನೋಡುವ ಶ್ರಮ ಬೇಡ. ನಮ್ಮ ಫೆಬ್ರವರಿ ಹೀಗೇಕೆ ಉದ್ದವಾಯಿತೆಂದು ಮುಂದೆ ಹೇಳುತ್ತೇನೆ. ಮೊದಲು ಭಾಷೆಯ ವಿಷಯದಲ್ಲಿ ಕ್ಷಮೆ ಕೇಳಿಬಿಡಬೇಕು. ನಿಮ್ಮ ಕಾಲದ ಕನ್ನಡವನ್ನು ನಾನು ಕಲಿತದ್ದು ಉಳಿದುಬಂದ ಕೆಲವು ಲಗ್ನಪತ್ರಿಕೆಗಳಿಂದ ಮತ್ತು ಕಾಂಪೌಂಡು ಗೋಡೆಗಳ ಬರಹದಿಂದ. ಹಾಗಾಗಿ ನಡುವೆ ಎಲ್ಲಾದರೂ "ಸಕುಟುಂಬ ಪರಿವಾರ ಸಮೇತರಾಗಿ ಆಗಮಿಸಿ" ಎಂದೋ "ಇಲ್ಲಿ ಮೂತ್ರ ಮಾಡಬಾರದು" ಎಂದೋ ಬರೆದುಬಿಟ್ಟರೆ ಮನಸ್ಸಿಗೆ ಹಚ್ಚಿಕೊಳ್ಳಬೇಡಿ. ಎರಡನೆಯದು ನಿಮಗೆ ಹೇಳಿದ್ದಲ್ಲ. ಬರೆಯುವವನಿಗೆ ದಣಿವಾಗಿದೆ ಎಂಬುದನ್ನೂ ದಯವಿಟ್ಟು ಗಮನದಲ್ಲಿಡಿ. ಬೆಳಗಿನಿಂದ ಇದು ನಾನು ಹತ್ತಿ ಇಳಿದ ಎಷ್ಟನೆಯ ಮಹಡಿಯೋ, ಮೊಣಕಾಲು ಲೆಕ್ಕ ಬಿಟ್ಟಿದೆ.

ನಮ್ಮಲ್ಲಿ ಪ್ರತಿ ರಾಷ್ಟ್ರೀಯ ದುರಂತಕ್ಕೂ ಒಂದು ಅಧಿಕೃತ ಬಾವುಟ, ಒಂದು ದಿನ. ಇದು ಒಳ್ಳೆಯ ಮನಸ್ಸಿನಿಂದಲೇ ಶುರುವಾದದ್ದು. ಸತ್ತವರನ್ನು ನೆನೆಯೋಣ ಎಂದರೆ ಬೇಡವೆನ್ನುವವರು ಯಾರು? ಕಡಲು ಊರು ನುಂಗಿದ್ದಕ್ಕೆ ನೀಲಿ, ಸೇತುವೆ ಕುಸಿದದ್ದಕ್ಕೆ ಬೂದು, ಕೆಟ್ಟ ಔಷಧಿಗೆ ಹಸಿರು. ಆಮೇಲೆ ದುರಂತಗಳು ಬಾವುಟದ ಆಸೆಗೇ ಬಂದವೇನೋ ಎಂಬಂತೆ ಸಾಲುಗಟ್ಟಿದವು. ಪಂಚಾಂಗದಲ್ಲಿ ಜಾಗ ಸಾಲಲಿಲ್ಲ. ಫೆಬ್ರವರಿ ಮೊದಲಿಂದಲೂ ಗಿಡ್ಡ, ಪಾಪದ್ದು, ಎದುರಾಡುವುದಿಲ್ಲ. ಅದಕ್ಕೇ ದಿನಗಳನ್ನು ಕಸಿ ಕಟ್ಟಿದರು. ಆ ದಿನಗಳನ್ನು ಎಲ್ಲಿಂದ ತಂದರೆಂದು ನನ್ನನ್ನು ಕೇಳಬೇಡಿ. ಯುಗಾದಿ ಈಗ ಯಾವಾಗ ಬರುತ್ತದೆಂದು ಬೇವಿನ ಮರಕ್ಕೇ ಗೊತ್ತಾಗುತ್ತಿಲ್ಲ.

ಪ್ರತಿ ಮನೆಯ ಬಾಗಿಲ ಹಿಂದೆ ಒಂದು ಬಾವುಟಚೀಲ ತೂಗುತ್ತಿತ್ತು. ಇಂದು ಯಾವ ದುರಂತವೆಂದು ನೋಡಿ, ಅದರ ಕೈಬಾವುಟ ತೆಗೆದು, ಕಿಟಕಿಯಿಂದ ಬೀಸಬೇಕು. ಎದುರುಮನೆಯವರು ತಿರುಗಿ ಬೀಸಬೇಕು. ಇದಕ್ಕೆ "ಮರುಬೀಸು" ಎಂದು ಹೆಸರು. ನಿಮ್ಮಲ್ಲಿ ನಮಸ್ಕಾರಕ್ಕೆ ನಮಸ್ಕಾರ ಹೇಳುವಂತೆ. ಬೀಸಿದವರಿಗೆ ಮರುಬೀಸದವನು ಉದ್ಧಟ, ಮನೆತನ ಸರಿಯಿಲ್ಲ, ಅಂಥವನಿಗೆ ಹೆಣ್ಣು ಕೊಡುವುದಿಲ್ಲ. ಕಾಲ ಕಳೆದಂತೆ ಯಾವ ದಿನ ಯಾವುದಕ್ಕೆಂದು ನೋಡುವ ಅಭ್ಯಾಸ ತಪ್ಪಿತು, ಬೀಸುವ ಅಭ್ಯಾಸ ಉಳಿಯಿತು. ಎದುರಿಗೆ ಬಟ್ಟೆ ಅಲ್ಲಾಡಿತೇ, ಕೈಗೆ ಸಿಕ್ಕಿದ್ದನ್ನು ಅಲ್ಲಾಡಿಸಿ, ಹಲ್ಲು ಕಿರಿದು, ಒಳಗೆ ಬಂದು ಊಟ ಮುಂದುವರಿಸುವುದು. ಭೂಕಂಪದಲ್ಲಿ ಮಡಿದವರನ್ನು ನಮ್ಮ ಮನೆಯಲ್ಲಿ ಒಮ್ಮೆ ಒಲೆಯ ಮಸಿಬಟ್ಟೆಯಿಂದ ಸ್ಮರಿಸಿದ್ದುಂಟು.

ಈಗ ತಂಪುಮನೆಯ ವಿಷಯಕ್ಕೆ ಬರಬೇಕು. ನಮ್ಮ ಮೇ ತಿಂಗಳ ಮಧ್ಯಾಹ್ನದಲ್ಲಿ ಮನುಷ್ಯ ಬದುಕುವುದು ಕಷ್ಟ. ಮನೆಯನ್ನು ತಂಪು ಮಾಡಿಕೊಳ್ಳಲಾಗದವರಿಗೆಂದು ಓಣಿಗೊಂದು ತಂಪುಮನೆ ಇದೆ: ದೊಡ್ಡ ಹಜಾರ, ಸದ್ದು ದಾಟದಷ್ಟು ದಪ್ಪನೆಯ ಗೋಡೆ, ಎತ್ತರದಲ್ಲಿ ಒಂದು ಕೈ ಹಿಡಿಸುವಷ್ಟು ಗವಾಕ್ಷಿ. ಬಿಸಿಲೇರುವ ಮೊದಲು ಜನ ಬುತ್ತಿ ಕಟ್ಟಿಕೊಂಡು ಬಂದು ಕೂರುತ್ತಾರೆ. ಇಸ್ಪೀಟು, ನಿದ್ದೆ, ಬೀಗರ ಮೇಲಿನ ದೂರು, ಸಂಜೆಗೆ ವಾಪಸ್ಸು. ತಂಪು ಸೋರಬಾರದೆಂದು ಬಾಗಿಲುಗಳು ತಾವೇ ಮುಚ್ಚಿಕೊಳ್ಳುತ್ತಿದ್ದವು. ಒಳಗಿನಿಂದ ತೆರೆಯಲು ಕರೆಂಟು ಬೇಕು, ಹೊರಗಿನಿಂದಾದರೆ ಒಂದು ಹಿಡಿಕೆ ತಿರುಗಿಸಿದರೆ ಸಾಕು. ಒಂದು ಮಧ್ಯಾಹ್ನ ದೇಶದುದ್ದಕ್ಕೂ ಕರೆಂಟು ಹೋಯಿತು. ತಂಪುಮನೆಗಳು ಒಲೆಗಳಾದವು. ಹಿಡಿಕೆ ತಿರುಗಿಸಲು ಯಾರೂ ಬರಲಿಲ್ಲ. ಸಾವಿರಾರು ಜನ ಹೋದರು.

ಇದರಲ್ಲಿ ತಮಾಷೆ ಮಾಡುವಂಥದ್ದು ಏನೂ ಇಲ್ಲ, ನಾನು ಮಾಡುವುದೂ ಇಲ್ಲ. ಮುಂದಿನದನ್ನು ಮಾತ್ರ ಸರ್ಕಾರವೇ ಮಾಡಿತು: ಒಂದು ಬಾವುಟ ಸಮಿತಿ ರಚಿಸಿತು. ಬಾವುಟಗಳನ್ನು ಗೇಲಿ ಮಾಡಿ ಅಂಕಣ ಬರೆಯುತ್ತಿದ್ದ ನನ್ನ ಬಾಯಿ ಮುಚ್ಚಿಸಲು ನನ್ನನ್ನೂ ಅದರೊಳಗೆ ಸೇರಿಸಿತು. ಅಧ್ಯಕ್ಷರು ಡಾಕ್ಟರ್ ಗುರುಸಿದ್ಧಪ್ಪ ಹಂಚಿನಮನಿ. ಸಂತಾಪದಲ್ಲೇ ತಲೆ ನರೆತವರು, ಅವರ ಹಸ್ತಾಕ್ಷರವಿಲ್ಲದೆ ಈ ದೇಶದಲ್ಲಿ ಯಾರೂ ಅಧಿಕೃತವಾಗಿ ಸ್ಮರಣೀಯರಾಗಿಲ್ಲ. ಕೈಬಾವುಟ ತಯಾರಕರ ಪರವಾಗಿ ರೋಹಿದಾಸ ಪತ್ತಾರ. ಬದುಕಿ ಉಳಿದವರ ಪರವಾಗಿ ಫಕೀರವ್ವ ಅಂಬಿಗೇರ. ಇವರು ನಿವೃತ್ತ ತಹಶೀಲ್ದಾರರು. ಆ ಮಧ್ಯಾಹ್ನ ಒಡಹುಟ್ಟಿದ ತಮ್ಮ ಮೈಲಾರಿಯ ಜೊತೆ ಇಸ್ಪೀಟಾಡಲು ನಮ್ಮೂರಿನ ಒಂದು ತಂಪುಮನೆಗೆ ಹೋಗಿದ್ದರು. ಸಂಜೆ ಕರೆಂಟು ಬಂದು ಬಾಗಿಲು ತೆರೆದಾಗ ಜೀವಂತವಾಗಿ ಹೊರಗೆ ಬಂದದ್ದು ಇವರೊಬ್ಬರೇ.

ಮೊದಲ ಸಭೆ ಬಣ್ಣದ ಮೇಲೆ ಬಿತ್ತು. ಖಾಲಿ ಉಳಿದ ಬಣ್ಣವೇ ಇರಲಿಲ್ಲ. ಬಿಳಿ ಹೋಗಿತ್ತು, ಕಪ್ಪು ಹೋಗಿತ್ತು, ಕೆಂಪಿನ ಒಂಬತ್ತು ಬಗೆ ಹೋಗಿದ್ದವು. ಕಡೆಗೆ ಸಿಕ್ಕಿದ್ದು ಒಂದು ಮಾಸಲು ಹಳದಿ. ಅಧ್ಯಕ್ಷರು ಅದನ್ನು "ಸಂಧ್ಯಾರಾಗ" ಎಂದರು. ಫಕೀರವ್ವ ಹತ್ತಿರ ಹಿಡಿದು ನೋಡಿದರು.

"ಇದು ಹಳಸಿದ ಸಾರಿನ ಬಣ್ಣ ಐತ್ರಿ."

"ಹಂಗ್ಯಾಕ ಅಂತೀರಿ ಬಾಯಾರ, ರಾಷ್ಟ್ರದ ದುಃಖ ಅದು," ಎಂದರು ಅಧ್ಯಕ್ಷರು.

"ಆತು ಬಿಡ್ರಿ. ದುಃಖ ಯಾವ ಬಣ್ಣದ್ದರ ಇರಲಿ. ನಂದೊಂದ ಮಾತು ಅದರಾಗ ಸೇರಬೇಕು. ಈ ಬಾವುಟ ಕೈಲೆ ಬೀಸಬಾರದು. ಇದೊಂದ ಅಲ್ಲ, ಯಾವ ಬಾವುಟಾನೂ ಕೈಲೆ ಬೀಸಬಾರದು. ಕಂಬಕ್ಕ ಕಟ್ರಿ, ಕೈ ಮುಗೀರಿ, ಮನಿಗೆ ಹೋಗ್ರಿ. ಬ್ಯಾರೇನೂ ಕೇಳೂದಿಲ್ಲ ನಾನು."

ಪತ್ತಾರರ ಕೈಯಲ್ಲಿದ್ದ ಚಹಾದ ಬಟ್ಟಲು ಅಲ್ಲೇ ನಿಂತಿತು. "ಅಕ್ಕಾರ, ಹಂಗಾದ್ರ ನಮ್ಮ ಮಂದಿ ಏನು ಮಣ್ಣು ತಿನ್ನಬೇಕೇನ್ರಿ?"

"ಮರುಬೀಸು ಅಂದ್ರ ನಮ್ಮ ಸಂಸ್ಕೃತಿ," ಅಧ್ಯಕ್ಷರೂ ಸೇರಿಕೊಂಡರು. "ಇವತ್ತು ಅದು ಬ್ಯಾಡ ಅಂತೀರಿ, ನಾಳೆ ನಮಸ್ಕಾರ ಬ್ಯಾಡ ಅಂತೀರಿ."

ಫಕೀರವ್ವ ದನಿ ಏರಿಸಲಿಲ್ಲ. ಜಮೀನಿನ ತಕರಾರು ಕೇಳಿ ಕೇಳಿ ಹದವಾದ ದನಿ ಅದು.

"ಅವತ್ತು ನಾ ಮೈಲಾರಿ ಹೆಗಲ ಮ್ಯಾಲ ಹತ್ತಿ ನಿಂತು, ಗವಾಕ್ಷಿ ಹೊರಗ ಸೆರಗು ಹಾಕಿ ಬೀಸಿದ್ನಿರಿ. ಎದುರುಮನಿ ಅಂವ ಕಿಡಕಿಗೆ ಬಂದು ಮರುಬೀಸಿದ. ಹೆಂಡ್ತಿನ್ನ ಕರದ, ಆಕಿನೂ ಬೀಸಿದ್ಲು. ಆಮ್ಯಾಲ ತೊಡಿಮ್ಯಾಲಿನ ಕೂಸಿನ ಕೈ ಹಿಡದು ಅದರ ಕಡೆಯಿಂದನೂ ಬೀಸಿಸಿದ್ರು. ಭಾಳ ಸಂಸ್ಕಾರದ ಮಂದಿ. ಕೆಳಗ ನಮ್ಮ ಮೈಲಾರಿ ಕೇಳತಿದ್ದ, 'ಅಕ್ಕಾ, ಬಂದ್ರೇನಬೇ?' ನಾ ಅಂದೆ, 'ಬೀಸಾಕತ್ತಾರೋ ತಮ್ಮಾ.' ಮತ್ತ ಕೇಳಿದ, 'ಈಗರ ಬಂದ್ರೇನು?' 'ಇನ್ನೂ ಬೀಸಾಕತ್ತಾರೋ.' ಕಡೀಕ ಅವರಿಗೆ ಕೈ ಸೋತು ಒಳಗ ಹೋದ್ರು. ಇವನೂ ಕೇಳೂದು ಬಿಟ್ಟ."

ಆ ದಿನ ಯಾವ ದುರಂತದ ದಿನವೂ ಆಗಿರಲಿಲ್ಲ. ನಮ್ಮ ಪಂಚಾಂಗದ ಕೆಲವೇ ಖಾಲಿ ದಿನಗಳಲ್ಲಿ ಒಂದು. ದೇಶದ ಎಲ್ಲ ತಂಪುಮನೆಗಳ ಗವಾಕ್ಷಿಗಳಿಂದಲೂ ಸೆರಗು, ಪಂಜೆ, ಟವೆಲು ಹೊರಬಂದು ಬೀಸಾಡಿದ್ದವು. ಎಲ್ಲ ಕಡೆಯೂ ಜನ ಮರ್ಯಾದೆಯಿಂದ ಮರುಬೀಸಿದ್ದರು.

ಅಧ್ಯಕ್ಷರು ಎದ್ದು ನಿಂತು ಎರಡು ನಿಮಿಷ ಮೌನ ಆಚರಿಸಿದರು. ಅವರಿಗೆ ಗೊತ್ತಿದ್ದ ಚಿಕಿತ್ಸೆ ಅದೊಂದೇ. ಕೂತ ಮೇಲೆ ಕಣ್ಣೊರೆಸಿಕೊಂಡು, ಇದು ಸೂಕ್ಷ್ಮ ವಿಷಯವಾದ್ದರಿಂದ ಉಪಸಮಿತಿಗೆ ಕಳಿಸೋಣ, ಈಗ ಲಾಂಛನದ ಚರ್ಚೆಗೆ ಬರೋಣ ಎಂದರು. ಬಾವುಟದ ನಡುವೆ ಸೂರ್ಯನಿರಲಿ ಎಂದು ಪತ್ತಾರರು. ಕೊಂದವನನ್ನೇ ನಡುವೆ ಕೂರಿಸುವುದೇ ಎಂದು ನಾನು. ಹಾಗಾದರೆ ಬಾಗಿಲು? ಮುಚ್ಚಿದ್ದೋ ತೆರೆದದ್ದೋ? ಅರ್ಧ ತೆರೆದದ್ದು ಎಂದು ಅಧ್ಯಕ್ಷರು ತೀರ್ಮಾನ ಕೊಡುತ್ತಿದ್ದರು. ಅಷ್ಟರಲ್ಲಿ ಫಕೀರವ್ವ ಎದ್ದು ಕಿಟಕಿಯ ಹತ್ತಿರ ಹೋದರು.

"ಎಲ್ಲಿಗ್ರೀ?"

"ಎಲ್ಲಿಗೂ ಇಲ್ರಿ. ನೀವು ಬಾಗಿಲಾ ತೆರೀರಿ. ಚಹಾ ಆರೂತನಕ ನಾ ಇಲ್ಲಿ ನಿಂದರತೇನಿ."

ಸೆರಗನ್ನು ಕಿಟಕಿಯ ಹೊರಗೆ ಹಾಕಿ ಬೀಸತೊಡಗಿದರು. ಸಮಾಧಾನವಾಗಿಯಲ್ಲ, ಆ ದಿನ ಹೇಗೆ ಬೀಸಿದ್ದರೋ ಹಾಗೆ, ತೋಳು ಕಳಚಿ ಬೀಳುವಂತೆ. ನಾವೆಲ್ಲ ಹಿಂದೆ ಹೋಗಿ ನಿಂತೆವು. ಎದುರಿನ ಕಚೇರಿಯ ಗುಮಾಸ್ತನೊಬ್ಬ ನಗುತ್ತ ಕರವಸ್ತ್ರ ತೆಗೆದು ಬೀಸಿದ. ಮಹಡಿಯ ಮೇಲಿಂದ ಇಬ್ಬರು ಹೆಂಗಸರು ಬೀಸಿದರು. ಕೆಳಗೆ ಬಸ್ಸಿಗೆ ಕಾದಿದ್ದವರು ಒಬ್ಬರನ್ನು ನೋಡಿ ಒಬ್ಬರು ಬೀಸಿದರು; ಬಸ್ಸು ಬಂದಾಗ ಡ್ರೈವರ್ ಹಾರ್ನು ಹಾಕಿ ತಾನೂ ಕೈ ಹೊರಗೆ ಚಾಚಿದ. ಫಕೀರವ್ವ ಬೀಸುತ್ತಲೇ ಇದ್ದರು. ಮುಖ ಕೆಂಪಾಗಿತ್ತು, ಉಸಿರು ಏರುತ್ತಿತ್ತು. ರಸ್ತೆ ತುಂಬ ನಗುಮುಖ. ಅಷ್ಟು ಜನರಲ್ಲಿ ಒಬ್ಬರೂ ನಮ್ಮ ಮೆಟ್ಟಿಲ ಕಡೆ ಹೆಜ್ಜೆ ಹಾಕಲಿಲ್ಲ. ನನ್ನ ಪಕ್ಕದಲ್ಲಿದ್ದ ಪತ್ತಾರರ ಬಲಗೈ ಅದರಷ್ಟಕ್ಕೆ ಮೇಲೆದ್ದು ಆ ಗುಮಾಸ್ತನಿಗೆ ಮರುಬೀಸತೊಡಗಿತ್ತು. ಪತ್ತಾರರು ಆ ಕೈಯನ್ನು ಎಡಗೈಯಿಂದ ಹಿಡಿದು ಕೆಳಗೆ ಇಳಿಸಿಕೊಂಡರು, ಬೇರೆ ಯಾರದೋ ಕೈಯನ್ನು ಇಳಿಸುವಂತೆ.

"ಸಾಕ್ ಬಿಡ್ರಿ ಅಕ್ಕಾರ," ಎಂದರು. "ಬರ್ಕೋರಿ. ನಾವು ಕಂಬ ಮಾರತೇವಿ."

ಒಕ್ಕಣೆಯನ್ನು ಫಕೀರವ್ವನವರೇ ಹೇಳಿ ಬರೆಸಿದರು. ತಹಶೀಲ್ದಾರರ ಕನ್ನಡ, ಅದರ ಮುಂದೆ ಸರ್ಕಾರವೂ ಬಾಗುತ್ತದೆ: "ಕೈಯಿಂದ ಬೀಸಲಾದ ಯಾವುದೇ ಬಟ್ಟೆಯನ್ನು ಇನ್ನು ಮುಂದೆ ಬಾವುಟವೆಂದು ಭಾವಿಸತಕ್ಕದ್ದಲ್ಲ. ಅದನ್ನು ಕರೆಯೆಂದು ತಿಳಿದು, ಕಂಡವರು ಖುದ್ದಾಗಿ ಹೋಗಿ ವಿಚಾರಿಸತಕ್ಕದ್ದು." ಹಳಸಿದ ಸಾರಿನ ಬಣ್ಣವೂ ಅರ್ಧ ತೆರೆದ ಬಾಗಿಲೂ ಹಾಗೆಯೇ ಉಳಿದವು, ಸಮಿತಿಗೂ ಏನಾದರೊಂದು ಮಾಡಿದ ತೃಪ್ತಿ ಬೇಕಲ್ಲ. ಅಷ್ಟರಲ್ಲಿ ಆ ಖಾಲಿ ದಿನವನ್ನೂ ಇನ್ನೊಂದು ದುರಂತ ಹಿಡಿದಿತ್ತು; ಮೇ ತಿಂಗಳಲ್ಲಿ ಬೇರೆ ದಿನ ಖಾಲಿ ಸಿಗದೆ, ಬೇಸಿಗೆಯಲ್ಲಿ ಸತ್ತವರಿಗೆ ಫೆಬ್ರವರಿಯ ಬಾಲಕ್ಕೆ ಒಂದು ದಿನ ಅಂಟಿಸಿದರು. ಅದೇ ಮೂವತ್ತನಾಲ್ಕು.

ಮೊದಲ ಆಚರಣೆ ಹೋದ ವರ್ಷ. ಕಂಬದ ಮೇಲೆ ಬಾವುಟ ಏರಿತು. ಕೆಳಗೆ ನೆರೆದ ಜನಕ್ಕೆ ಕೈಗಳನ್ನು ಎಲ್ಲಿಡಬೇಕೆಂದು ತಿಳಿಯಲಿಲ್ಲ. ಕೆಲವರು ಕಟ್ಟಿಕೊಂಡರು, ಕೆಲವರು ಕಿಸೆಯಲ್ಲಿಟ್ಟರು, ಅಧ್ಯಕ್ಷರು ಕೆರೆದುಕೊಂಡರು. ಆಗ ಪಕ್ಕದ ಕಟ್ಟಡದ ಮೂರನೆಯ ಮಹಡಿಯಲ್ಲಿ ಏನೋ ಬಿಳಿಯದು ಅಲ್ಲಾಡಿತು. ಯಾರೋ "ಕರೆ!" ಎಂದು ಕೂಗಿದರು. ಇಡೀ ಸಭೆ, ಬ್ಯಾಂಡಿನವರೂ ಸೇರಿ, ಮೆಟ್ಟಿಲೇರಿತು. ಬಾಗಿಲು ತೆರೆದವಳು ಒದ್ದೆ ಕೈಯ ಗೃಹಿಣಿ.

"ಏನ್ರೀ ಇದು, ಯಾರ ಸತ್ತಾರ?"

"ನೀವು ಬೀಸಿದ್ರಿ."

"ಹಾಸಿಗಿ ಚಾದರ ಝಾಡಸಾಕತ್ತಿದ್ನಿ! ದಿಬ್ಬಣ ಕಟಗೊಂಡು ಬಂದೀರಲ್ರೀ!"

ಅಂದಿನಿಂದ ನಮ್ಮ ಪಾಡು ಇದೇ. ಒಣಹಾಕಿದ ಸೀರೆಗೆ ಓಡಿದ್ದೇವೆ, ಸೊಳ್ಳೆ ಓಡಿಸುವ ಟವೆಲಿಗೆ ಓಡಿದ್ದೇವೆ, ಗಾಳಿಗೆ ಹಾರಿದ ಪರದೆಗೆ ಏದುಸಿರು ಬಿಟ್ಟಿದ್ದೇವೆ. ಊಟದ ಹೊತ್ತಿಗೆ ಬಾಗಿಲು ಬಡಿಯುವವರಿಗೆ ಬೈದು, ಮರುಕ್ಷಣ ನಾವೇ ಇನ್ನೊಬ್ಬರ ಬಾಗಿಲು ಬಡಿದಿದ್ದೇವೆ. ಲಿಫ್ಟು ಕೆಟ್ಟ ಕಟ್ಟಡಗಳಲ್ಲೇ ಜನ ಹೆಚ್ಚು ಬಟ್ಟೆ ಝಾಡಿಸುತ್ತಾರೆಂಬುದು ನನ್ನ ಅನುಭವ. ನಮ್ಮೂರಲ್ಲಿ ಒಂದೇ ಒಂದು ನಿಜವಾದ ಕರೆ ಇನ್ನೂ ಸಿಕ್ಕಿಲ್ಲ. ಈ ಬೆಳಿಗ್ಗೆ ಯಾವುದೋ ಪರದೆ ಅಲ್ಲಾಡಿತೆಂದು ಓಡಿದಾಗ ನಾಲ್ಕನೆಯ ಮಹಡಿಯ ಮೆಟ್ಟಿಲ ಮೇಲೆ ಫಕೀರವ್ವನವರೇ ಸಿಕ್ಕರು, ಅವರೂ ಅದೇ ಪರದೆಗೆ ಬಂದವರು. ಮೊಣಕಾಲು ಒತ್ತಿಕೊಳ್ಳುತ್ತ ನಾನು ಗೊಣಗಿದೆ: ವರ್ಷವಾಯಿತು, ಒಂದೂ ಸಿಗಲಿಲ್ಲವಲ್ಲ.

"ಸಿಗಲಿಲ್ಲಂತ ಬ್ಯಾಸರ ಏನ್ ನಿಮಗ?" ಎಂದು ಕೇಳಿ, ಗೋಡೆ ಹಿಡಿದುಕೊಂಡು ಅವರು ನನ್ನನ್ನು ದಾಟಿ ಮೇಲೆ ಹೋದರು.

ಹಿರಿಯರೇ, ಬಾವುಟ ಬೇಡವೆಂದು ನಾನು ಹೇಳುತ್ತಿಲ್ಲ. ಮಾಡಿಕೊಳ್ಳಿ, ನಿಮಗೆ ಇನ್ನೂ ಒಳ್ಳೆಯ ಬಣ್ಣಗಳು ಉಳಿದಿವೆ. ಎದುರುಗಡೆ ಯಾರಾದರೂ ಬೀಸುವುದು ಕಂಡರೆ ನೀವೂ ಬೀಸುವ ಮೊದಲು ಒಮ್ಮೆ ಹೋಗಿ ಕೇಳಿ ಬನ್ನಿ, ಅಷ್ಟೇ. ಬೈಸಿಕೊಳ್ಳುತ್ತೀರಿ. ಕಾಲು ನೋಯುತ್ತದೆ. ಚಾದರ ಝಾಡಿಸುವವರು ನಿಮ್ಮ ಕಾಲದಲ್ಲೂ ಕಡಿಮೆಯೇನಿರಲಾರರು.

ಇನ್ನೂ ಎರಡು ಮಾತು ಬರೆಯುವುದಿತ್ತು. ಸೆಕೆಗೆ ಕತ್ತು ಒರೆಸಿಕೊಂಡ ಟವೆಲನ್ನು ಈಗಷ್ಟೇ ಯೋಚನೆಯಿಲ್ಲದೆ ಕಿಟಕಿಯಲ್ಲಿ ಕೊಡವಿದೆ. ಮೆಟ್ಟಿಲ ಮೇಲೆ ಬಹಳ ಜನರ ಸಪ್ಪಳ ಕೇಳುತ್ತಿದೆ. ಒಬ್ಬರು ಗೋಡೆ ಹಿಡಿದು ನಿಧಾನವಾಗಿ ಹತ್ತುತ್ತಿದ್ದಾರೆ. ಹೋಗಿ ಬಾಗಿಲು ತೆರೆಯಬೇಕು.

ಇತಿ, ಇನ್ನೂ ಹುಟ್ಟಿರದ
ನಿಮ್ಮ ವಿಧೇಯ
ತಿರಕಪ್ಪ ಹೊಂಬಳ